ಬೆಡ್‌ಶೀಟ್ ಕಟ್ಟಿದ್ದರೂ ಟೊಮೆಟೊ ಸಸಿ ಯಾಕೆ ಸತ್ತಿತು?

ಪ್ರಶ್ನೆ: ಶನಿವಾರ 30 ಸಸಿ ನೆಟ್ಟೆವು. ಟೊಮೆಟೊ, ಬದನೆ, ಮೆಣಸಿನಕಾಯಿ. ಸೋಮವಾರ ರಾತ್ರಿ ಮಂಜು ಬೀಳುತ್ತೆ ಅಂತ ಗೊತ್ತಾಗಿ ಎಲ್ಲದರ ತಲೆಗೂ ಬೆಡ್‌ಶೀಟ್ ಹೊದಿಸಿ ಕಾಂಡಕ್ಕೆ ಕಟ್ಟಿದೆವು. ಒಳಗೆ ಒಂದು ಚೂರೂ ಮಂಜು ಬಿದ್ದಿಲ್ಲ. ಫೋನಿನಲ್ಲೂ 36 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕೆಳಗೆ ಹೋಗಲಿಲ್ಲ. ಆದರೂ ಬೆಳಿಗ್ಗೆ ನೋಡಿದರೆ ಎಲ್ಲ ಕಪ್ಪಾಗಿವೆ. ನಾವು ಮಾಡಿದ ತಪ್ಪೇನು?

ಉತ್ತರ: ಇಲ್ಲಿ ಅಮೆರಿಕದಲ್ಲಿ ಮೇ ತಿಂಗಳ ಎರಡನೇ ವಾರ ಬಂತೆಂದರೆ ಈ ಪ್ರಶ್ನೆಯೂ ಬರುತ್ತದೆ. ನ್ಯೂಜೆರ್ಸಿಯಿಂದ ಬರಲಿ, ಮಿಷಿಗನ್ ಕಡೆಯಿಂದ ಬರಲಿ, ಸಸಿಗಳ ಸಂಖ್ಯೆ ಮಾತ್ರ ಬೇರೆ. ಎರಡು ತಿಂಗಳು ಕಿಟಕಿ ಪಕ್ಕದಲ್ಲಿಟ್ಟು ಮಗುವಿನ ಹಾಗೆ ನೋಡಿಕೊಂಡ ಸಸಿ ಒಂದೇ ರಾತ್ರಿಗೆ ಹೋದರೆ ಹೊಟ್ಟೆ ಎಷ್ಟು ಉರಿಯುತ್ತದೆ ಅಂತ ನನಗೆ ಗೊತ್ತು. ಅದಕ್ಕೇ ಎಷ್ಟು ಸಲ ಹೇಳಿದ್ದರೂ ಇನ್ನೊಮ್ಮೆ ಹೇಳುತ್ತೇನೆ. ಈ ಸಲ ದಯವಿಟ್ಟು ಪೂರ್ತಿ ಓದಿ.

ಮೊದಲು ಚಿಕ್ಕ ಉತ್ತರ. ಫೋನ್ ತೋರಿಸಿದ 36 ಡಿಗ್ರಿ ನಿಮ್ಮ ಎಲೆಯದ್ದಲ್ಲ. ಎಲೆ 32ಕ್ಕಿಂತ, ಅಂದರೆ ನೀರು ಹೆಪ್ಪುಗಟ್ಟುವ ಮಟ್ಟಕ್ಕಿಂತ ಕೆಳಗೆ ಹೋಗಿತ್ತು. ಬೆಡ್‌ಶೀಟನ್ನು ನೀವು ಕೊಡೆಯ ಹಾಗೆ ಮೇಲೆ ಹಿಡಿದು ಕಾಂಡಕ್ಕೆ ಕಟ್ಟಿದ್ದೀರಿ. ಹಾಗಾಗಿ ಗಿಡ ಕಾಯಬೇಕಾಗಿದ್ದ ಕಾವು ಆಚೆಯೇ ಉಳಿಯಿತು.

ಹಾಗೆ ಕಟ್ಟುವುದಕ್ಕೆ ಕಾರಣ ಒಂದು ನಂಬಿಕೆ. ಅದು ನಮ್ಮ ಮಾತಿನಲ್ಲೇ ಕೂತುಬಿಟ್ಟಿದೆ. ಮಂಜು ಬೀಳುತ್ತೆ, ಇಬ್ಬನಿ ಬೀಳುತ್ತೆ, ಹಿಮ ಬೀಳುತ್ತೆ ಅನ್ನುತ್ತೇವೆ. ಹಿಮ ನಿಜವಾಗಿಯೂ ಬೀಳುತ್ತದೆ. ಮೋಡದಿಂದ ಹೊರಟು ನೆಲಕ್ಕೆ ಬರುತ್ತದೆ. ಆದರೆ ಬೆಳಿಗ್ಗೆ ಹುಲ್ಲಿನ ಮೇಲೆ ಉಪ್ಪು ಉದುರಿಸಿದ ಹಾಗೆ ಕಾಣುತ್ತಲ್ಲ, ಆ ಬಿಳಿ ಪುಡಿ ಎಲ್ಲಿಂದಲೂ ಬಿದ್ದಿದ್ದಲ್ಲ. ಅದು ಅಲ್ಲೇ, ಆ ಹುಲ್ಲಿನ ಮೇಲೇ ಹುಟ್ಟಿದ್ದು. ಕನ್ನಡದಲ್ಲಿ ಅದನ್ನೂ ಮಂಜು ಅಂತಲೇ ಕರೆಯುವುದರಿಂದ ಗೊಂದಲ ಜಾಸ್ತಿ. ಇಲ್ಲಿಂದ ಮುಂದೆ ಫ್ರಾಸ್ಟ್ ಅಂತ ಬರೆಯುತ್ತೇನೆ.

ಫ್ರಿಜ್‌ನಿಂದ ತೆಗೆದ ಸ್ಟೀಲ್ ಚೊಂಬಿನ ಮೈಮೇಲೆ ನೀರು ಮೂಡುತ್ತದೆ. ಅದು ಚಾವಣಿಯಿಂದ ಬಿತ್ತು ಅಂತ ಯಾರೂ ಹೇಳುವುದಿಲ್ಲ, ಅಲ್ವಾ? ಚೊಂಬು ತಣ್ಣಗಿತ್ತು, ಗಾಳಿಯಲ್ಲಿದ್ದ ತೇವ ಅದಕ್ಕೆ ಅಂಟಿತು. ಎಲೆಯಲ್ಲೂ ಅದೇ ಆಗುತ್ತದೆ. ಎಲೆ 32ಕ್ಕಿಂತ ತಣ್ಣಗಾದರೆ ಆ ತೇವ ನೀರಾಗುವ ಬದಲು ಬಿಳಿ ಹರಳಾಗುತ್ತದೆ.

ಹಾಗಾದರೆ ಎಲೆಯನ್ನು ಅಷ್ಟು ತಣ್ಣಗೆ ಮಾಡಿದ್ದು ಯಾರು? ಆಕಾಶ. ಹಗಲೆಲ್ಲ ಬಿಸಿಲು ಕುಡಿದ ನೆಲ, ಗಿಡ, ಕಲ್ಲು ಎಲ್ಲವೂ ರಾತ್ರಿ ತಮ್ಮ ಕಾವನ್ನು ಮೇಲಕ್ಕೆ ಬಿಡುತ್ತಲೇ ಇರುತ್ತವೆ. ಮೋಡ ಇದ್ದರೆ ಅದು ಕಂಬಳಿಯ ಹಾಗೆ ಕಾವನ್ನು ತಿರುಗಿಸಿ ಕಳಿಸುತ್ತದೆ. ಮೋಡ ಇಲ್ಲದಿದ್ದರೆ ಕಾವು ನೇರವಾಗಿ ಹೊರಟುಹೋಗುತ್ತದೆ. ಗಾಳಿ ಬೀಸುತ್ತಿದ್ದರೆ ಮೇಲಿನ ಬೆಚ್ಚಗಿನ ಗಾಳಿ ಕೆಳಗಿನದರ ಜೊತೆ ಬೆರೆತು ಗಿಡಕ್ಕೆ ಸ್ವಲ್ಪ ಆಸರೆ ಸಿಗುತ್ತದೆ. ಗಾಳಿಯೂ ಇಲ್ಲ, ಮೋಡವೂ ಇಲ್ಲ ಅಂದರೆ ಎಲೆ ತನ್ನ ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತದೆ.

ಒಂದು ವಿಷಯ ಯೋಚನೆ ಮಾಡಿ. ಫ್ರಾಸ್ಟ್ ಮೇಲಿಂದ ಬೀಳುವುದಾಗಿದ್ದರೆ ಮೋಡ ಮುಚ್ಚಿದ ರಾತ್ರಿ ಜಾಸ್ತಿ ಬೀಳಬೇಕಿತ್ತು. ಆಗುವುದು ಉಲ್ಟಾ. ನಕ್ಷತ್ರ ಫಳಫಳ ಹೊಳೆಯುವ, ಒಂದು ಎಲೆಯೂ ಅಲುಗಾಡದ ರಾತ್ರಿಯೇ ನಮ್ಮ ಸಸಿಗಳು ಸಾಯುವುದು.

"ಮರದ ಕೆಳಗೆ ನಿಲ್ಲಿಸಿದ ಕಾರಿನ ಗಾಜು ಬೆಳ್ಳಗಾಗುವುದಿಲ್ಲ, ಬಯಲಲ್ಲಿ ನಿಲ್ಲಿಸಿದ್ದು ಆಗುತ್ತೆ. ಮರ ತಡೆದಿದ್ದಕ್ಕೇ ಅಲ್ವಾ ಹಾಗಾಗಿದ್ದು?" ಅಂತ ಪ್ರತಿ ವರ್ಷ ಯಾರಾದರೂ ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. ಮರ ತಡೆದಿದ್ದು ನಿಜ, ಆದರೆ ಅದು ತಡೆದದ್ದು ಮೇಲೆ ಹೋಗುತ್ತಿದ್ದ ಕಾವನ್ನು.

ಇದನ್ನು ನಾನು ಕಂಡುಹಿಡಿದಿದ್ದಲ್ಲ. ಲಂಡನ್‌ನಲ್ಲಿದ್ದ ವಿಲಿಯಂ ಚಾರ್ಲ್ಸ್ ವೆಲ್ಸ್ ಎಂಬ ವೈದ್ಯರು 1814ರಲ್ಲೇ ಇಬ್ಬನಿಯ ಬಗ್ಗೆ ಬರೆದು ತೋರಿಸಿಕೊಟ್ಟಿದ್ದಾರೆ. ಅವರ ಸಲಕರಣೆ ಅಂದರೆ ತೂಕ ಮಾಡಿದ ಉಣ್ಣೆಯ ಚಿಕ್ಕ ಚಿಕ್ಕ ಉಂಡೆಗಳು. ರಾತ್ರಿ ಹುಲ್ಲಿನ ಮೇಲೆ ಇಡುವುದು, ಮತ್ತೆ ತೂಗಿ ಎಷ್ಟು ತೇವ ಕುಡಿದಿದೆ ಎಂದು ನೋಡುವುದು. ಒಮ್ಮೆ ಒಂದು ಉಂಡೆಯ ಸುತ್ತ ಸುಟ್ಟ ಮಣ್ಣಿನ ಕೊಳವೆ ನಿಲ್ಲಿಸಿದರು. ಮೇಲೆ ಮುಚ್ಚಳ ಇಲ್ಲ, ನೆತ್ತಿಯ ಮೇಲೆ ಆಕಾಶ ಪೂರ್ತಿ ತೆರೆದಿದೆ. ಮೇಲಿಂದ ಬೀಳುವುದಾದರೆ ಒಳಗಿನ ಉಣ್ಣೆಗೂ ಹೊರಗಿನ ಉಣ್ಣೆಗೂ ಸಮನಾಗಿ ಬೀಳಬೇಕು ತಾನೆ? ಒಳಗಿನ ಉಣ್ಣೆಗೆ ಸಿಕ್ಕಿದ್ದು ತುಂಬಾ ಕಮ್ಮಿ. ಕೊಳವೆಯ ಗೋಡೆ ಅದಕ್ಕೆ ಕಾಣುವ ಆಕಾಶವನ್ನು ಚಿಕ್ಕದು ಮಾಡಿತ್ತು, ಅಷ್ಟೇ. ತೋಟದವರು ತೆಳ್ಳನೆ ಚಾಪೆ ಮುಚ್ಚಿ ಗಿಡ ಕಾಪಾಡುವುದನ್ನು ನೋಡಿ ಅರ್ಧ ತಿಳಿವಳಿಕೆಯ ಹೆಮ್ಮೆಯಲ್ಲಿ ತಾನು ಎಷ್ಟೋ ಸಲ ನಕ್ಕಿದ್ದೆ ಅಂತಲೂ ಆ ಮನುಷ್ಯ ಬರೆದಿದ್ದಾರೆ. ಆ ಮಾತಿಗೇ ನನಗೆ ಅವರ ಮೇಲೆ ಗೌರವ ಜಾಸ್ತಿ.

ಈಗ ನಿಮ್ಮ ಬೆಡ್‌ಶೀಟಿಗೆ ಬರೋಣ. ಅದರ ಕೆಲಸ ಕೆಳಗಿನ ನೆಲದ ಕಾವನ್ನು ಹಿಡಿದಿಡುವುದು. ಅಂದರೆ ಅಂಚು ನಾಲ್ಕೂ ಕಡೆ ನೆಲ ಮುಟ್ಟಬೇಕು. ಇಟ್ಟಿಗೆಯನ್ನೋ ಕಲ್ಲನ್ನೋ ಇಟ್ಟು ಗಾಳಿ ನುಗ್ಗದ ಹಾಗೆ ಮಾಡಬೇಕು. ಕಾಂಡಕ್ಕೆ ಕಟ್ಟಿದರೆ ಬೆಚ್ಚಗಿನ ನೆಲ ಬೆಡ್‌ಶೀಟಿನ ಹೊರಗೆ ಉಳಿಯುತ್ತದೆ, ಗಿಡದ ತಲೆ ಒಳಗೆ ತಣ್ಣಗೆ ಕೂರುತ್ತದೆ. ನೀವು ಮಾಡಿದ್ದು ಇದೇ. ಸಂಜೆ ಬಿಸಿಲು ಇಳಿಯುವ ಮೊದಲೇ ಹೊದಿಸಿ. ರಾತ್ರಿ ಹತ್ತಕ್ಕೆ ನೆನಪಾಗಿ ಹೊದಿಸಿದರೆ ಅರ್ಧ ಕಾವು ಆಗಲೇ ಹೋಗಿರುತ್ತದೆ. ಹಿಂದಿನ ದಿನ ಮಣ್ಣಿಗೆ ಚೆನ್ನಾಗಿ ನೀರು ಕೊಟ್ಟಿರಿ. ಒದ್ದೆ ಮಣ್ಣು ಒಣ ಮಣ್ಣಿಗಿಂತ ಜಾಸ್ತಿ ಕಾವು ಹಿಡಿಯುತ್ತದೆ. ಹಾಲಿನ ಖಾಲಿ ಕ್ಯಾನುಗಳಿಗೆ ನೀರು ತುಂಬಿ ಹಗಲು ಬಿಸಿಲಿಗಿಟ್ಟು ರಾತ್ರಿ ಸಸಿಗಳ ನಡುವೆ ಇಟ್ಟರೆ ಇನ್ನೂ ಒಳ್ಳೆಯದು. ಪ್ಲಾಸ್ಟಿಕ್ ಹಾಳೆ ಮಾತ್ರ ಎಲೆಗೆ ತಾಗಬಾರದು, ತಾಗಿದ ಎಲೆ ಸುಡುತ್ತದೆ. ಬೆಳಿಗ್ಗೆ ಬಿಸಿಲು ಬಿದ್ದ ಮೇಲೆ ತೆಗೆಯಲು ಮರೆಯಬೇಡಿ, ಇಲ್ಲದಿದ್ದರೆ ಒಳಗೆ ಬೆಂದುಹೋಗುತ್ತವೆ.

ಬೆಳಗಿನ ಜಾವ ಐದು ಗಂಟೆಗೆ ಟಾರ್ಚ್ ಹಿಡಿದು ಹೋಗಿ, ಸರಿಯಾಗಿ ಹೊದಿಸಿದ ಬೆಡ್‌ಶೀಟಿನ ಕೆಳಗೆ ಕೈ ಹಾಕಿ ನೋಡಿ. ಬಟ್ಟೆಯ ಮೇಲೆ ಫ್ರಾಸ್ಟ್ ಗರಿಗರಿಯಾಗಿ ಕೂತಿರುತ್ತದೆ, ಮಡಚಿದರೆ ಹಪ್ಪಳದ ಹಾಗೆ ಸದ್ದು ಮಾಡುತ್ತದೆ. ಒಳಗೆ ಕೈ ಇಟ್ಟರೆ ಮಣ್ಣಿನ ವಾಸನೆ, ತೇವ, ಹಸುವಿನ ಕೊಟ್ಟಿಗೆಯಲ್ಲಿ ಇರುವಂಥ ಮೆಲುವಾದ ಬಿಸಿ. ಒಂದು ಸಲ ಇದನ್ನು ಕೈಯಲ್ಲಿ ಮುಟ್ಟಿ ನೋಡಿದವರು ಮತ್ತೆ ಯಾವತ್ತೂ ಕಾಂಡಕ್ಕೆ ಬಟ್ಟೆ ಕಟ್ಟುವುದಿಲ್ಲ.

ಇನ್ನು ಫೋನಿನ ಲೆಕ್ಕ. ಹವಾಮಾನ ಕೇಂದ್ರದ ಥರ್ಮಾಮೀಟರ್ ನೆಲದಿಂದ ಸುಮಾರು 5 ಅಡಿ ಎತ್ತರದಲ್ಲಿ, ಗೂಡಿನೊಳಗೆ ಇರುತ್ತದೆ. ನಿಮ್ಮ ಸಸಿ ಇರುವುದು ಅರ್ಧ ಅಡಿ ಎತ್ತರದಲ್ಲಿ, ಬಯಲಿನಲ್ಲಿ. ಅಂಥ ರಾತ್ರಿ ಇವೆರಡರ ನಡುವೆ 4–5 ಡಿಗ್ರಿ ಫ್ಯಾರನ್‌ಹೀಟ್ ವ್ಯತ್ಯಾಸ ಮಾಮೂಲು. ಅದಕ್ಕೇ ಇಲ್ಲಿನ ಹವಾಮಾನ ಇಲಾಖೆ ಫ್ರಾಸ್ಟ್ ಎಚ್ಚರಿಕೆಯನ್ನು 33ರಿಂದ 36 ಡಿಗ್ರಿಗೇ ಕೊಡುವುದು. ತಣ್ಣನೆ ಗಾಳಿ ಭಾರ, ನೀರಿನ ಹಾಗೆ ಇಳಿಜಾರಿನಲ್ಲಿ ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ಹಿತ್ತಲು ಬೇಲಿಯ ಕಡೆಗೆ ತಗ್ಗಾಗಿದ್ದರೆ ಬೇಲಿ ಪಕ್ಕದ ಸಾಲೇ ಮೊದಲು ಹೋಗುತ್ತದೆ. ನಮ್ಮ ಹಿತ್ತಲಲ್ಲೂ ಹಾಗೇ. ಗೋಡೆ ಪಕ್ಕದ ಬದನೆ ಉಳಿದಿರುತ್ತದೆ, 20 ಅಡಿ ಆಚೆಗಿನದು ಹೋಗಿರುತ್ತದೆ.

"ಒಳಗೆ ಒಂದು ಚೂರೂ ಬಿದ್ದಿಲ್ಲ" ಅಂದಿರಿ. ಬಿಳಿ ಪುಡಿ ಕಾಣಲೇಬೇಕು ಅಂತಿಲ್ಲ. ಗಾಳಿ ಒಣಗಿದ್ದರೆ ಬಿಳಿ ಮೂಡುವುದೇ ಇಲ್ಲ, ಆದರೆ ಎಲೆಯೊಳಗಿನ ನೀರು ಹೆಪ್ಪುಗಟ್ಟುತ್ತದೆ. ಕೊಲ್ಲುವುದು ಅದು. ಒಳಗಿನ ಜೀವಕೋಶ ಹರಿದು, ಬಿಸಿಲು ಬಂದ ಮೇಲೆ ಎಲೆ ಬೇಯಿಸಿದ ಸೊಪ್ಪಿನ ಹಾಗೆ ಜೋತುಬೀಳುತ್ತದೆ. ಬೆಳಿಗ್ಗೆ ನೀರು ಹಾಕಿ ತೊಳೆದರೆ ಉಳಿಯುತ್ತೆ ಅನ್ನುವುದೂ ಇದಕ್ಕೇ ಸುಳ್ಳು. ಹರಿದದ್ದು ತೊಳೆದರೆ ಕೂಡುವುದಿಲ್ಲ.

ಎಲ್ಲ ಗಿಡಕ್ಕೂ ಇಷ್ಟು ಭಯ ಬೇಡ. ಮೆಂತ್ಯ, ಕೊತ್ತಂಬರಿ, ಪಾಲಕ್, ಬಟಾಣಿ, ಎಲೆಕೋಸು ಸಣ್ಣ ಫ್ರಾಸ್ಟ್ ತಡೆಯುತ್ತವೆ. ಟೊಮೆಟೊ, ಬದನೆ, ಮೆಣಸಿನಕಾಯಿ, ಬೆಂಡೆ, ಹೀರೆ, ಸೌತೆ, ಬಸಳೆ, ಹರಿವೆ ತಡೆಯುವುದಿಲ್ಲ. ಕರಿಬೇವಿನ ಕುಂಡವನ್ನು ಸುಮ್ನೆ ಒಳಗೆ ತಂದುಬಿಡಿ, ವಾದ ಬೇಡ. ಮೇ ಎರಡನೇ ಭಾನುವಾರದ ಮದರ್ಸ್ ಡೇ ಕಳೆದರೆ ಸಾಕು, ಫ್ರಾಸ್ಟ್ ಭಯ ಇಲ್ಲ ಅನ್ನುವವರಿಗೆ ಒಂದು ಮಾತು: 2020ರ ಮೇ 9ರಂದು, ಮದರ್ಸ್ ಡೇ ಹಿಂದಿನ ದಿನ, ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿ ಹಿಮದ ಚೂರು ಉದುರಿತ್ತು. 2023ರಲ್ಲಿ ಮೇ 18ರ ಬೆಳಗಿನ ಜಾವ ನ್ಯೂಯಾರ್ಕ್, ವರ್ಮಾಂಟ್ ಕಡೆ ಸೇಬು, ದ್ರಾಕ್ಷಿ ತೋಟಗಳೇ ಹೊಡೆತ ತಿಂದವು. ತಾರೀಕು ನೋಡಿ ನೆಡಿ, ಆದರೆ ಹೊದಿಕೆ ಕೈಗೆ ಸಿಗುವ ಹಾಗೆ ಇರಲಿ.

ಹಿತ್ತಲಲ್ಲಿ ಸೇಬು, ಪೀಚ್ ಮರ ಇದ್ದವರಿಗೆ ಬೇರೆ ಲೆಕ್ಕ. ಮರ ಸಾಯುವುದಿಲ್ಲ, ಹೂ ಸಾಯುತ್ತದೆ. ಬಿಗಿಯಾದ ಮೊಗ್ಗು ಎಷ್ಟೋ ಚಳಿ ತಡೆಯುತ್ತದೆ, ಅರಳಿದಷ್ಟೂ ಅದು ನಾಜೂಕು. ಸೇಬಿನ ಹೂ ಪೂರ್ತಿ ಅರಳಿದಾಗ 28 ಡಿಗ್ರಿಯಲ್ಲಿ ಅರ್ಧ ಗಂಟೆ ಇದ್ದರೆ ನೂರಕ್ಕೆ ಸುಮಾರು 10 ಹೂ ಹೋಗುತ್ತವೆ. 25ಕ್ಕೆ ಇಳಿದರೆ 90 ಹೋಗುತ್ತವೆ. ಮೂರೇ ಡಿಗ್ರಿಯಲ್ಲಿ ಇಷ್ಟು ವ್ಯತ್ಯಾಸ. ಬೆಳಿಗ್ಗೆ ಹೂ ನೋಡಲು ಚೆನ್ನಾಗೇ ಇರುತ್ತದೆ, ದಳಕ್ಕೆ ಏನೂ ಆಗಿರುವುದಿಲ್ಲ. ಮಧ್ಯಾಹ್ನದ ಹೊತ್ತಿಗೆ ಒಂದು ಹೂ ಕಿತ್ತು ಉಗುರಿನಿಂದ ಉದ್ದಕ್ಕೆ ಸೀಳಿ ನೋಡಿ. ನಡುವಿನ ಭಾಗ ಹಸಿರಾಗಿದ್ದರೆ ಜೀವ ಇದೆ. ಕಪ್ಪು ಚುಕ್ಕೆ ಇದ್ದರೆ ಆ ಹೂ ಕಾಯಿ ಕಟ್ಟುವುದಿಲ್ಲ. ಒಂದೇ ಕೊಂಬೆಯದ್ದು ನೋಡಬೇಡಿ. ಕೆಳಗಿನದು, ಮೇಲಿನದು ಎಲ್ಲ ಸೇರಿಸಿ 20 ಹೂವಾದರೂ ನೋಡಿ. ಅರ್ಧ ಕಪ್ಪಾಗಿದ್ದರೂ ಅಳಬೇಡಿ, ಸೇಬಿನಲ್ಲಿ ನೂರು ಹೂವಿಗೆ 5–10 ಕಾಯಿ ನಿಂತರೆ ಮರ ತುಂಬುತ್ತದೆ.

ನಿಮ್ಮ ಟೊಮೆಟೊಗೆ ಈಗ ಏನು ಮಾಡುವುದು? ಇವತ್ತೇ ಕಿತ್ತು ಹಾಕಬೇಡಿ. ನಾಲ್ಕೈದು ದಿನ ಬಿಡಿ. ಕಾಂಡ ಬುಡದಲ್ಲಿ ಗಟ್ಟಿಯಾಗಿ ಹಸಿರಾಗಿದ್ದರೆ ಎಲೆಯ ಕಂಕುಳಿನಿಂದ ಹೊಸ ಚಿಗುರು ಬರುತ್ತದೆ, ಆಗ ಕಪ್ಪಾದ ತುದಿ ಕತ್ತರಿಸಿ. ಕಾಂಡವೇ ನೀರು ತುಂಬಿದ ಹಾಗೆ ಮೆತ್ತಗಾಗಿ ಬಗ್ಗಿದ್ದರೆ ಅದು ಹೋಯಿತು. ಬದನೆ, ಮೆಣಸಿನಕಾಯಿಗೂ ಹೀಗೇ ನೋಡಿ. ಬೀಜ ಹಾಕಲು ಕಾಲ ಮೀರಿದೆ, ಹೋದದ್ದರ ಬದಲು ನರ್ಸರಿಯಿಂದ ಸಸಿ ತನ್ನಿ.

ಇದನ್ನೆಲ್ಲ ಬರೆಯುವಾಗ ಇನ್ನೊಂದು ನೆನಪಾಯಿತು. ಯಾರೂ ಕೇಳಿಲ್ಲ, ಆದರೂ ಹೇಳಬೇಕು. ಜನವರಿಯಲ್ಲಿ ಊರಿಗೆ ಫೋನ್ ಮಾಡಿದರೆ ಅಮ್ಮ ಹೇಳುವುದು ಇದೇ ಮಾತು: "ಮಂಜು ಬಿದ್ದು ಮಾವಿನ ಹೂವೆಲ್ಲ ಸುಟ್ಟೋಯ್ತು ಕಣೋ." ಕೋಲಾರ, ಶ್ರೀನಿವಾಸಪುರದ ಕಡೆ ಯಾರನ್ನು ಕೇಳಿದರೂ ಹೀಗೇ ಹೇಳುತ್ತಾರೆ. ಅಲ್ಲಿ ಎಂಥ ಚಳಿಗಾಲದಲ್ಲೂ ನೀರು ಹೆಪ್ಪುಗಟ್ಟುವ ಹತ್ತಿರ ಹೋಗುವುದಿಲ್ಲ. ಚಳಿಗೆ ಸುಡುವ ಪ್ರಶ್ನೆಯೇ ಇಲ್ಲ. ಹೂ ಹಾಳು ಮಾಡುವುದು ಬೂದಿ ರೋಗ, ಚಿಬ್ಬು ರೋಗ ಮತ್ತು ಜಿಗಿಹುಳು. ತಣ್ಣನೆ ರಾತ್ರಿ, ಗಾಳಿಯ ತೇವ ಬೂದಿ ರೋಗಕ್ಕೆ ಹಿತ. ಹೂವಿನ ಮೇಲೆ ನಿಂತ ಇಬ್ಬನಿ ಚಿಬ್ಬು ರೋಗಕ್ಕೆ ದಾರಿ ಮಾಡಿಕೊಡುತ್ತದೆ. ಹಾಗಾಗಿ ಮಂಜು ಕವಿದ ವಾರವೇ ಹೂ ಉದುರುವುದು ಕಾಣುತ್ತದೆ, ತಪ್ಪೆಲ್ಲ ಮಂಜಿನ ಮೇಲೆ ಹೋಗುತ್ತದೆ. ಮಂಜಿನದು ಅಂದುಕೊಂಡರೆ ಕೈಕಟ್ಟಿ ಕೂರುತ್ತೇವೆ. ರೋಗ, ಹುಳು ಅಂತ ಗೊತ್ತಾದರೆ ಔಷಧಿ ಇದೆ. ಅಮ್ಮನಿಗೆ ಹೇಳಿಕೊಟ್ಟಿದ್ದು ಇಷ್ಟೇ: ಹೂವಿನ ಗೊಂಚಲನ್ನು ಅಂಗೈ ಮೇಲೆ ಮೆಲ್ಲಗೆ ತಟ್ಟು. ಗೋಧಿ ಕಾಳಿನಷ್ಟು ಚಿಕ್ಕ ಹುಳು ಚಂಗನೆ ನೆಗೆದರೆ ಜಿಗಿಹುಳು. ಬೆರಳಿಗೆ ಬಿಳಿ ಪುಡಿ ಅಂಟಿದರೆ ಬೂದಿ ರೋಗ. ಹೂವಿನ ಮೇಲೆ, ಕಡ್ಡಿಯ ಮೇಲೆ ಕಪ್ಪು ಚುಕ್ಕೆ ಇದ್ದರೆ ಚಿಬ್ಬು. ಆಮೇಲೆ ಆ ಗೊಂಚಲನ್ನೇ ಚೀಲದಲ್ಲಿ ಹಾಕಿಕೊಂಡು ತೋಟಗಾರಿಕೆ ಇಲಾಖೆಯವರಿಗೆ ತೋರಿಸು.