ಕೆನಡಿ ಕಾರಿನ ‘ಗಾಜಿನ’ ಛಾವಣಿ

ಪ್ರಶ್ನೆ: ಅಮೆರಿಕದ ಅಧ್ಯಕ್ಷ ಕೆನಡಿಗೆ ಗುಂಡು ಹೊಡೆದ ದಿನ ಅವರ ಲಿಂಕನ್ ಕಾರಿನ ಬುಲೆಟ್‌ಪ್ರೂಫ್ ಗಾಜಿನ ಛಾವಣಿ ತೆಗೆದಿದ್ದರಂತೆ. ಅದು ಇದ್ದಿದ್ದರೆ ಬದುಕುತ್ತಿದ್ದರಾ? ಆ ಕಾರನ್ನು ಆಮೇಲೆ ಗುಜರಿಗೆ ಹಾಕಿದರಾ?

ಗುಜರಿಯ ವಿಷಯ ಮೊದಲು ಮುಗಿಸೋಣ. ಹಾಕಲಿಲ್ಲ. ಮಿಶಿಗನ್‌ನ ಡಿಯರ್‌ಬಾರ್ನ್‌ನಲ್ಲಿರುವ ಹೆನ್ರಿ ಫೋರ್ಡ್ ಮ್ಯೂಸಿಯಂನಲ್ಲಿ ಇವತ್ತಿಗೂ ನಿಂತಿದೆ. ಟಿಕೆಟ್ ತೆಗೆದುಕೊಂಡು ನೋಡಬಹುದು.

ಇನ್ನು ಛಾವಣಿ. ಎಷ್ಟು ಸಲ ಹೇಳಿದ್ದೇನೋ ಲೆಕ್ಕ ತಪ್ಪಿದೆ. ಇನ್ನೊಂದು ಸಲ ಹೇಳುತ್ತೇನೆ: ಅದು ಗಾಜೇ ಅಲ್ಲ. ಪ್ಲಾಸ್ಟಿಕ್! ಆಚೆ ಈಚೆ ಕಾಣುವ ಪ್ಲಾಸ್ಟಿಕ್ಕಿನ ತುಂಡುಗಳು, ಬೇಡವಾದಾಗ ಬಿಚ್ಚಿ ಡಿಕ್ಕಿಯಲ್ಲಿ ಇಡುವಂಥವು. ಮಳೆಗಾಲದಲ್ಲಿ ನಮ್ಮ ಆಟೋಗೆ ಪರದೆ ಕಟ್ಟುತ್ತಾರಲ್ವಾ, ಅದರ ಶ್ರೀಮಂತ ಅಣ್ಣ ಅಂದುಕೊಳ್ಳಿ. ಮಳೆ ಬಂದರೂ ಅಧ್ಯಕ್ಷರು ಜನಕ್ಕೆ ಕಾಣಬೇಕು, ಅದಕ್ಕೆ ಮಾಡಿದ್ದು. ಗುಂಡು ತಡೆಯುವ ಶಕ್ತಿ ಅದಕ್ಕೆ ಇರಲಿಲ್ಲ ಎಂದು ಕೊಲೆಯ ತನಿಖೆ ಮಾಡಿದ ವಾರೆನ್ ಆಯೋಗದ 1964ರ ವರದಿಯೇ ಹೇಳುತ್ತದೆ. 1963ರ ನವೆಂಬರ್ 22ರ ಬೆಳಗ್ಗೆ ಮಳೆ ಇತ್ತು. ಡಲ್ಲಾಸ್‌ನಲ್ಲಿ ಮೆರವಣಿಗೆ ಹೊರಡುವ ಹೊತ್ತಿಗೆ ಬಿಸಿಲು. ಮಳೆ ಇಲ್ಲ, ಛಾವಣಿ ಬೇಡ. ಅಷ್ಟೇ ಲೆಕ್ಕ.

“ಗುಂಡಿನ ದಿಕ್ಕಾದರೂ ತಪ್ಪುತ್ತಿತ್ತಲ್ಲ ಸಾರ್?” ತಪ್ಪುತ್ತಿತ್ತೋ ಏನೋ. ಪ್ಲಾಸ್ಟಿಕ್ ಮೇಲೆ ಬಿಸಿಲು ಹೊಳೆದು ಗುರಿ ಕೆಡುತ್ತಿತ್ತೋ ಏನೋ. ಆ ಚರ್ಚೆ ಬೇಕಾದರೆ ಮಾಡಿ, ನಾನು ಬೇಡ ಅನ್ನುವುದಿಲ್ಲ. ಆದರೆ ‘ಬುಲೆಟ್‌ಪ್ರೂಫ್ ಛಾವಣಿಯನ್ನು ಬೇಕಂತಲೇ ತೆಗೆದರು’ ಅನ್ನಬೇಡಿ. ಇಲ್ಲದ್ದನ್ನು ತೆಗೆಯುವುದು ಹೇಗೆ? ಛಾವಣಿ ಬಿಡಿ, ಆಗ ಆ ಕಾರಿನ ಬಾಗಿಲಿಗೂ ಕವಚ ಇರಲಿಲ್ಲ.

ಈ ಗೊಂದಲ ಎಲ್ಲಿಂದ ಹುಟ್ಟಿತು ಅಂತ ನನಗೊಂದು ಅನುಮಾನ ಇದೆ. ಮ್ಯೂಸಿಯಂನಲ್ಲಿರುವ ಕಾರಿಗೆ ನಿಜಕ್ಕೂ ಬುಲೆಟ್‌ಪ್ರೂಫ್ ಗಾಜಿದೆ, ತೆಗೆಯಲು ಬಾರದ ಛಾವಣಿಯಿದೆ. ಅದು ಕೊಲೆಯಾದ ಮೇಲೆ, 1964ರಲ್ಲಿ ಕಾರನ್ನು ರಿಪೇರಿ ಮಾಡಿ ಕವಚ ತೊಡಿಸಿದಾಗ ಬಂದದ್ದು. ತೂಕ ಜಾಸ್ತಿಯಾಯಿತು, ಅದಕ್ಕೆ ಎಂಜಿನ್ನಿಗೂ ಬಲ ತುಂಬಿದರು. ಕಡು ನೀಲಿ ಬಣ್ಣ ಹೋಗಿ ಕಪ್ಪು ಬಂತು. ಆಮೇಲೆ ಜಾನ್ಸನ್‌ರಿಂದ ಕಾರ್ಟರ್‌ವರೆಗೆ ನಾಲ್ವರು ಅಧ್ಯಕ್ಷರು ಅದೇ ಕಾರಿನಲ್ಲಿ ಓಡಾಡಿದರು. 1977ರವರೆಗೂ! ಈಗಿನ ಫೋಟೊ ನೋಡಿ ಆಗಿನ ಕಥೆ ಕಟ್ಟಿದರೆ ಹೀಗೇ ಆಗುವುದು.

ಫೋಟೊ ಅಂದಾಗ ನೆನಪಾಯಿತು. ಅದರ ಹಿಂದಿನ ಬಾಗಿಲು ಉಲ್ಟಾ ತೆರೆಯುವುದನ್ನು ಗಮನಿಸಿದ್ದೀರಾ? ಇದನ್ನು ಯಾರೂ ಕೇಳುವುದಿಲ್ಲ, ನನಗೆ ಹೇಳಲು ಇಷ್ಟ. ಅದು ಅಧ್ಯಕ್ಷರಿಗೆಂದು ಮಾಡಿದ್ದಲ್ಲ. ಅವರ ಕಾರು ಸಿನ್ಸಿನಾಟಿಯಲ್ಲಿ ಕತ್ತರಿಸಿ ಸುಮಾರು ಮೂರೂವರೆ ಅಡಿ ಉದ್ದ ಮಾಡಿದ ಲಿಂಕನ್ ಕಾಂಟಿನೆಂಟಲ್. 1961ರ ಎಲ್ಲ ಕಾಂಟಿನೆಂಟಲ್‌ಗಳ ಬಾಗಿಲೂ ಹಾಗೆಯೇ. ಫೋರ್ಡ್ ಕಂಪನಿಯ ವಿನ್ಯಾಸಕಾರ ಎಲ್ವುಡ್ ಎಂಗೆಲ್ ಈ ವಿನ್ಯಾಸ ಮಾಡಿದ್ದು ಮೊದಲು ಅದೇ ಕಂಪನಿಯ ಎರಡು ಬಾಗಿಲಿನ ಕಾರಾದ ಥಂಡರ್‌ಬರ್ಡ್‌ಗೆ. ಅದನ್ನು ಹಿಗ್ಗಿಸಿ ನಾಲ್ಕು ಬಾಗಿಲಿನ ಲಿಂಕನ್ ಮಾಡಿದರು. ಹಿಂದೆ ಜಾಗ ಇಕ್ಕಟ್ಟು. ಮಾದರಿ ಕಾರಿನಿಂದ ಇಳಿಯುವಾಗ ಎಂಜಿನಿಯರುಗಳ ಕಾಲು ಸುಮ್ನೆ ಬಾಗಿಲಿಗೆ ಬಡಿಯುತ್ತಿತ್ತು. ಸರಿ, ಕೀಲನ್ನೇ ಹಿಂದಕ್ಕೆ ಹಾಕಿದರು. 1964ರಲ್ಲಿ ಚಕ್ರಗಳ ನಡುವಿನ ಅಂತರವನ್ನು ಮೂರು ಇಂಚು ಹೆಚ್ಚಿಸಿದರು, ಕಾಲಿಗೆ ಜಾಗ ಸಿಕ್ಕಿತು. ಉಲ್ಟಾ ಬಾಗಿಲು ಮಾತ್ರ 1969ರವರೆಗೆ ಹಾಗೇ ಉಳಿಯಿತು.