ಕಂಪನಿ ಹೋದರೆ ಹೋಗಲಿ, ಪಿಂಚಣಿ ದುಡ್ಡು ತೆಗೆಯುವ 10ಸಿ ಮಾತ್ರ ಹಾಕಬೇಡಿ

ನರಸಾಪುರ ಕೈಗಾರಿಕಾ ಪ್ರದೇಶದಲ್ಲಿ ಒಂದು ಗುತ್ತಿಗೆ ಮುಗಿದರೆ ಮುಂದಿನ ವಾರವೇ ನನ್ನ ಆಫೀಸಿನ ಮುಂದೆ ಬೈಕುಗಳು ಸಾಲಾಗಿ ನಿಲ್ಲುತ್ತವೆ. ಕೋಲಾರದ ಕ್ಲಾಕ್ ಟವರ್ ಹತ್ತಿರ ಪಿಎಫ್, ಇಎಸ್‌ಐ ಕೆಲಸ ಮಾಡಿಕೊಡುತ್ತೇನೆ. ಬಂದವರದ್ದೆಲ್ಲ ಒಂದೇ ಮಾತು. "ಸಾರ್, ಕೆಲಸ ಬಿಟ್ಟೆ, ಪಿಎಫ್ ಪೂರ್ತಿ ತೆಗೆದುಕೊಡಿ." ಯಾಕಪ್ಪಾ ಇಷ್ಟು ಅವಸರ ಅಂದರೆ, "ಹೊರದೇಶದ ಕಂಪನಿ ಸಾರ್, ನಾಳೆ ಬಾಗಿಲು ಹಾಕಿಕೊಂಡು ಹೋದರೆ ನಮ್ಮ ದುಡ್ಡಿನ ಗತಿ?"

ಈ ಭಯ ಸುಮ್ನೆ ಹುಟ್ಟಿದ್ದಲ್ಲ. ಕೆಜಿಎಫ್ ಗಣಿ 2001ರ ಫೆಬ್ರವರಿ 28ಕ್ಕೆ ಮುಚ್ಚಿತು. ಬಾಕಿಗಾಗಿ ವರ್ಷಗಟ್ಟಲೆ ಅಲೆದವರ ಮನೆಯ ಮಕ್ಕಳೂ ಇವತ್ತು ನರಸಾಪುರ, ವೇಮಗಲ್ ಕಡೆಯ ಕಂಪನಿ ಬಸ್ ಹತ್ತುತ್ತಾರೆ. 2020ರ ಡಿಸೆಂಬರ್‌ನಲ್ಲಿ ಸಂಬಳದ ವಿಚಾರಕ್ಕೆ ಫೋನ್ ಕಾರ್ಖಾನೆಯಲ್ಲಿ ಆದ ಗಲಾಟೆಯನ್ನೂ ಕಣ್ಣಾರೆ ಕಂಡಿದ್ದಾರೆ. ಕಂಪನಿ ಇವತ್ತು ಇಲ್ಲಿ, ನಾಳೆ ವಿಯೆಟ್ನಾಂನಲ್ಲಿ ಅನ್ನುವುದು ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಆದರೆ ಪಿಎಫ್ ದುಡ್ಡು ಕಂಪನಿ ಹತ್ತಿರ ಇರುವುದಿಲ್ಲ. ಇದನ್ನು ದಿನಕ್ಕೆ ಹತ್ತು ಸಲ ಹೇಳುತ್ತೇನೆ, ಹನ್ನೊಂದನೆಯವರು ಬಂದು ಮತ್ತೆ ಅದನ್ನೇ ಕೇಳುತ್ತಾರೆ. ಕಟ್ಟಿದ ದುಡ್ಡು ಇಪಿಎಫ್‌ಒ ಅನ್ನುವ ಸರ್ಕಾರಿ ಪಿಎಫ್ ಸಂಸ್ಥೆ ಹತ್ತಿರ ನಿಮ್ಮ ಯುಎಎನ್ ನಂಬರಿನಲ್ಲಿ (ಕಂಪನಿ ಬದಲಾದರೂ ಬದಲಾಗದ ಪಿಎಫ್ ಗುರುತಿನ ನಂಬರ್) ಇರುತ್ತದೆ. ಕೆಲವು ದೊಡ್ಡ ಕಂಪನಿಗಳಿಗೆ ಸ್ವಂತ ಪಿಎಫ್ ಟ್ರಸ್ಟ್ ಇರುತ್ತದೆ, ಅಲ್ಲೂ ಪಿಂಚಣಿ ಭಾಗ ಇಪಿಎಫ್‌ಒಗೇ ಹೋಗುತ್ತದೆ. ನೀವು ಹೆದರಬೇಕಾದ್ದು ಒಂದಕ್ಕೆ: ಸಂಬಳದಲ್ಲಿ ಹಿಡಿದು ಕಟ್ಟದೇ ಇರುವ ಗುತ್ತಿಗೆದಾರನಿಗೆ. ಅದಕ್ಕೇ ತಿಂಗಳಿಗೊಮ್ಮೆ ಪಾಸ್‌ಬುಕ್ ನೋಡಿ. ಗುತ್ತಿಗೆದಾರ ಕಟ್ಟದಿದ್ದರೆ ಮೂಲ ಕಂಪನಿಯೇ ಹೊಣೆ.

ಈಗ ಯಾರಿಗೂ ತಲೆಗೆ ಹೋಗದ ವಿಷಯಕ್ಕೆ ಬರುತ್ತೇನೆ, ನಿಧಾನವಾಗಿ ಓದಿ. ಪಿಎಫ್ ಅಂದರೆ ಎರಡು ಗಂಟು: ಮೊದಲನೆಯದು ಪಿಎಫ್ ಉಳಿತಾಯ, ಎರಡನೆಯದು ಪಿಂಚಣಿ. ನಿಮ್ಮ ಪಿಎಫ್ ಸಂಬಳ 15,000 ಅಂದುಕೊಳ್ಳಿ. ನಿಮ್ಮಿಂದ 1,800, ಕಂಪನಿಯಿಂದ 1,800. ಕಂಪನಿಯ ಪಾಲಿನಲ್ಲಿ 1,250 ಪಿಂಚಣಿಗೆ ಹೋಗುತ್ತದೆ, ಉಳಿದ 550 ನಿಮ್ಮ ಪಿಎಫ್‌ಗೆ ಸೇರುತ್ತದೆ. ಮೊದಲ ಗಂಟಿನಲ್ಲಿ ದುಡ್ಡು ಬೆಳೆಯುತ್ತದೆ, ಬಡ್ಡಿ ಬರುತ್ತದೆ. ಎರಡನೇ ಗಂಟಿನಲ್ಲಿ ಬೆಳೆಯುವುದು ನೀವು ದುಡಿದ ವರ್ಷಗಳ ಲೆಕ್ಕ. 10 ವರ್ಷ ತುಂಬಿದರೆ 58ಕ್ಕೆ ಜೀವನಪೂರ್ತಿ ಪಿಂಚಣಿ. ಕೊನೆಯ 60 ತಿಂಗಳ ಸರಾಸರಿ 15,000 ಇದ್ದು 10 ವರ್ಷ ಆಗಿದ್ದರೆ ತಿಂಗಳಿಗೆ ಸುಮಾರು 2,140, 20 ವರ್ಷಕ್ಕೆ ಸುಮಾರು 4,700. ಜಾಸ್ತಿ ಏನಲ್ಲ, ಒಪ್ಪುತ್ತೇನೆ. ಆದರೆ ವಯಸ್ಸಾದ ಮೇಲೆ ಬಿಪಿ ಮಾತ್ರೆಗೆ ಮಗನ ಮುಂದೆ ಕೈಚಾಚದೆ ಬದುಕಬಹುದು, ಅಲ್ವಾ?

ಕೆಲಸ ಬಿಟ್ಟಾಗ ಸೈಬರ್ ಸೆಂಟರ್‌ನವರು ಮೊದಲ ಗಂಟು ತೆಗೆಯುವ ಫಾರಂ 19ರ ಜೊತೆಗೆ ಪಿಂಚಣಿ ಗಂಟಿನ ಫಾರಂ 10ಸಿಯನ್ನೂ ಹಾಕಿಬಿಡುತ್ತಾರೆ. 10ಸಿಯಲ್ಲಿ ದುಡ್ಡು ತೆಗೆದುಕೊಂಡರೆ ಅಲ್ಲಿಯವರೆಗಿನ ವರ್ಷಗಳು ಅಳಿಸಿಹೋಗುತ್ತವೆ. ಕೈಗೆ ಸಿಗುವುದು ವರ್ಷಕ್ಕೆ ಸುಮಾರು ಒಂದು ತಿಂಗಳ ಪಿಎಫ್ ಸಂಬಳದಷ್ಟು.

ಮುಳಬಾಗಿಲು ಕಡೆಯ ಒಬ್ಬ ಹುಡುಗ, ಹುಡುಗ ಏನು, 34 ವಯಸ್ಸು. ಒಂದೇ ಗೇಟಿನ ಒಳಗೆ ನಾಲ್ಕು ಗುತ್ತಿಗೆದಾರರ ಕೆಳಗೆ 9 ವರ್ಷ ದುಡಿದಿದ್ದ. ಟೊಮೆಟೊ ರೇಟು ಬಿದ್ದಾಗ ಒಮ್ಮೆ, ಬೋರ್‌ವೆಲ್ ಕೊರೆಸಲು ಒಮ್ಮೆ, ತಂಗಿ ಮದುವೆಗೆ ಒಮ್ಮೆ, ಹೀಗೆ ಮೂರು ಸಲ 10ಸಿ. ಇನ್ನೊಂದು ವರ್ಷ ಆದರೆ ಪಿಂಚಣಿ ಗಟ್ಟಿ ಅಂದುಕೊಂಡೇ ಬಂದಿದ್ದ. ಲೆಕ್ಕ ತೆಗೆದರೆ ಉಳಿದಿದ್ದು 14 ತಿಂಗಳು. ಕುರ್ಚಿಯಿಂದ ಎದ್ದೇಳಲೇ ಇಲ್ಲ. ನನಗೂ ಆವತ್ತು ಊಟ ಸೇರಲಿಲ್ಲ.

ಅದೇ ಕೈಗಾರಿಕಾ ಪ್ರದೇಶಕ್ಕೆ ಜಪಾನಿನಿಂದ ಎಂಜಿನಿಯರ್ ಬರುತ್ತಾನೆ. ಎರಡು ದೇಶಗಳ ನಡುವೆ 2016ರ ಅಕ್ಟೋಬರ್‌ನಿಂದ ಸಾಮಾಜಿಕ ಭದ್ರತೆಯ ಒಪ್ಪಂದ ಜಾರಿಯಲ್ಲಿದೆ. ಅವನ ಕಂಪನಿಯೇ ಕಳಿಸಿದ್ದರೆ 5 ವರ್ಷದವರೆಗೆ ಅವನು ತನ್ನ ದೇಶದ ಪಿಂಚಣಿಯಲ್ಲೇ ಮುಂದುವರಿಯಬಹುದು. ಸಮುದ್ರ ದಾಟಿ ಬಂದರೂ ಅವನ ವರ್ಷ ಕಡಿಯುವುದಿಲ್ಲ. ನಮ್ಮ ಹುಡುಗನದ್ದು ಗುತ್ತಿಗೆದಾರ ಬದಲಾದರೆ ಕಡಿಯುತ್ತದೆ, ಅದೂ ಅವನದೇ ಸಹಿಯಿಂದ. 1991ರ ನಂತರ ಬಂಡವಾಳ ಎಲ್ಲಿಗೆ ಬೇಕಾದರೂ ಓಡಾಡುತ್ತಿದೆ. ಅದರ ಹಿಂದೆ ಕೆಲಸ ಬದಲಿಸುತ್ತಾ ಓಡುವವನ ಜೊತೆ ಅವನ ವರ್ಷಗಳೂ ಹೋಗಬೇಕು, ಇದು ನನ್ನ ಹಟ.

ಹಾಗಂತ ದುಡ್ಡನ್ನು ಮುಟ್ಟಲೇಬೇಡಿ ಎನ್ನುವವನಲ್ಲ ನಾನು. 2016ರ ಫೆಬ್ರವರಿಯಲ್ಲಿ ಸರ್ಕಾರ ಕಂಪನಿಯ ಪಾಲನ್ನು 58ರವರೆಗೆ ತೆಗೆಯುವಂತಿಲ್ಲ ಅಂದಿತು. ಏಪ್ರಿಲ್‌ನಲ್ಲಿ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಸಾವಿರ ಸಾವಿರ ಸಂಖ್ಯೆಯಲ್ಲಿ ರಸ್ತೆಗಿಳಿದರು, ಆದೇಶ ವಾಪಸಾಯಿತು. ಅವರ ಸಿಟ್ಟು ಸರಿಯಾಗಿತ್ತು. ಹೊರದೇಶದ ಆರ್ಡರ್ ನಿಂತರೆ ಕೆಲಸ ನಿಲ್ಲುತ್ತದೆ, ಬಾಡಿಗೆ ನಿಲ್ಲುವುದಿಲ್ಲ.

ಕಷ್ಟ ಬಂದರೆ ಮೊದಲ ಗಂಟಿನಿಂದ ತೆಗೆಯಿರಿ. ಫಾರಂ 31ರ ಮುಂಗಡಕ್ಕೂ ಪಿಂಚಣಿಗೂ ಸಂಬಂಧವಿಲ್ಲ. ಹೊಸ ಕೆಲಸ ಸಿಕ್ಕರೆ ಹಳೇ ಯುಎಎನ್ ಕೊಡಿ, ಹೊಸದು ಮಾಡಿಸಬೇಡಿ. ಹಳೇ ಲೆಕ್ಕ ತಾನಾಗಿ ಸೇರದಿದ್ದರೆ ಫಾರಂ 13 ಹಾಕಿ. ಕೆಲಸವೇ ಸಿಗದಿದ್ದರೆ ಅದೇ 10ಸಿಯಲ್ಲಿ ದುಡ್ಡಿನ ಬದಲು ಸ್ಕೀಮ್ ಸರ್ಟಿಫಿಕೇಟ್ (ದುಡಿದ ವರ್ಷಗಳ ದಾಖಲೆ ಪತ್ರ) ಕೇಳಿ, ಆಗ ವರ್ಷಗಳು ಉಳಿಯುತ್ತವೆ. 2025ರ ಅಕ್ಟೋಬರ್‌ನಲ್ಲಿ ಇಪಿಎಫ್‌ಒ ಟ್ರಸ್ಟಿಗಳ ಸಭೆ ಪಿಂಚಣಿ ದುಡ್ಡು ತೆಗೆಯಲು ಕಾಯುವ ಸಮಯವನ್ನು 2 ತಿಂಗಳಿಂದ 36 ತಿಂಗಳಿಗೆ ಏರಿಸಲು ತೀರ್ಮಾನಿಸಿತು. ನಿಯಮ ಬದಲಾಗುತ್ತಲೇ ಇರುತ್ತದೆ, ಒಬ್ಬೊಬ್ಬರ ದಾಖಲೆಯೂ ಒಂದೊಂದು ಥರ. ಅರ್ಜಿ ಹಾಕುವ ದಿನ ಯಾವ ನಿಯಮವಿದೆ ಎಂದು ನೋಡಿಯೇ ಮುಂದುವರಿಯಿರಿ.

ಹೋದ ವಾರ ವೇಮಗಲ್‌ನಿಂದ ಒಬ್ಬ ಹೆಣ್ಣುಮಗಳು ಬಂದಿದ್ದಳು. ಮೂರು ಕಂಪನಿ, ಮೂರು ಪಿಎಫ್ ನಂಬರ್, ಒಂದೂ 10ಸಿ ಇಲ್ಲ. ಎಲ್ಲ ಸೇರಿಸಲು ಅರ್ಜಿ ಹಾಕಿ ಲೆಕ್ಕ ಹೇಳಿದೆ: 6 ವರ್ಷ 4 ತಿಂಗಳು. ಬೆರಳು ಎಣಿಸಿಕೊಂಡು, "ಇನ್ನು ಮೂರು ವರ್ಷ ಎಂಟು ತಿಂಗಳಾ ಸಾರ್?" ಅಂದಳು. ಹೌದಮ್ಮಾ ಅಂದೆ. ಅದನ್ನು ಚೀಟಿಯಲ್ಲಿ ಬರೆಸಿಕೊಂಡು ಹೋದಳು.