ಕರಟದ ಏಕತಾರಿಗೆ ಕಾಗದದ ಹೊದಿಕೆ

ಮಕ್ಕಳ ಕೈಯಲ್ಲಿ ಏಕತಾರಿ, ಅಂದರೆ ಒಂಟಿ ತಂತಿಯ ವಾದ್ಯ, ಮಾಡಿಸುವಾಗ ಬಣ್ಣದ ಡಬ್ಬಿಯನ್ನು ಕೊನೆಯವರೆಗೂ ಹೊರಗೆ ತೆಗೆಯಬೇಡಿ. ಬಣ್ಣ ಕಂಡರೆ ಮಕ್ಕಳ ಗಮನ ಸದ್ದಿನ ಕಡೆ ಉಳಿಯುವುದಿಲ್ಲ.

ಮೊದಲ ಕೆಲಸ ಕರಟ ಆರಿಸುವುದು. ತುಮಕೂರು ಸೀಮೆಯಲ್ಲಿ ಕರಟಕ್ಕೆ ಬರವಿಲ್ಲ; ತಿಪಟೂರು ಕಡೆ ಉಂಡೆ ಕೊಬ್ಬರಿ ಬಿಡಿಸಿದಲ್ಲಿ ರಾಶಿಯೇ ಬಿದ್ದಿರುತ್ತದೆ. ಆದರೆ ಮಚ್ಚಿನ ಏಟು ತಿಂದ ಕರಟದಲ್ಲಿ ಕಣ್ಣಿಗೆ ಕಾಣದ ಬಿರುಕಿರಬಹುದು. ಐದಾರು ಕರಟ ಮುಂದಿಟ್ಟು ಉಗುರಿನಿಂದ ತಟ್ಟಿಸಿ. ಗಟ್ಟಿ ಕರಟ ‘ಟಣ್’ ಎನ್ನುತ್ತದೆ, ಬಿರುಕು ಬಿಟ್ಟದ್ದು ಒಡಕು ದನಿ ಕೊಡುತ್ತದೆ. ಯಾವುದು ಬೇಕೆಂದು ಮಗುವೇ ಹೇಳಲಿ.

ಕಣ್ಣಿಲ್ಲದ ಅರ್ಧ ಭಾಗ ಬೇಕು, ಬಾಯಿ ಸುಮಾರು 10 ಸೆಂ.ಮೀ. ಅಗಲ. ಉಪ್ಪುಕಾಗದದ ಮೇಲೆ ಬೋರಲು ಹಾಕಿ ಉಜ್ಜಿದರೆ ಅಂಚು ಸಮವಾಗುತ್ತದೆ. ಅಂಚಿನಿಂದ 1.5 ಸೆಂ.ಮೀ. ಕೆಳಗೆ ಎದುರುಬದುರು ಎರಡು ತೂತು ಕೊರೆಯಿರಿ. ಇದು ದೊಡ್ಡವರ ಕೆಲಸ. ಹೆಬ್ಬೆರಳು ದಪ್ಪದ, 65 ಸೆಂ.ಮೀ. ಉದ್ದದ ಬಿದಿರ ಕೋಲನ್ನು ಬಿಗಿಯಾಗಿ ತೂರಿಸಿ, ಕೆಳಗೆ 3 ಸೆಂ.ಮೀ. ಉಳಿಸಿ.

ಹೊದಿಕೆಗೆ ಹಲವರು ಬಲೂನು ಹಾಕುತ್ತಾರೆ. ತಂತಿ ಬಿಗಿದೊಡನೆ ರಬ್ಬರು ಕುಸಿದು ಸದ್ದು ಸತ್ತುಹೋಗುತ್ತದೆ. ಪುಸ್ತಕಕ್ಕೆ ಹೊದಿಸುವ ಕಂದು ಕಾಗದವೇ ಲೇಸು: 16 ಸೆಂ.ಮೀ. ಅಗಲದ ಮೂರು ದುಂಡು ಹಾಳೆ, ನಡುವೆ ತೆಳುವಾಗಿ ಮೈದಾ ಅಂಟು. ಒದ್ದೆಯಿರುವಾಗಲೇ ಬಾಯಿಗೆ ಹೊದಿಸಿ, ಅಂಚನ್ನು ಅಲ್ಲಲ್ಲಿ ಸೀಳಿ ಹೊರಮೈಗೆ ಅಂಟಿಸಿ ದಾರ ಸುತ್ತಿ. ಒಣಗುತ್ತ ಕಾಗದ ಕುಗ್ಗಿ ತಾನೇ ಬಿಗಿಯುತ್ತದೆ. ನೆರಳಲ್ಲಿ ಒಂದು ದಿನ ಬಿಡಿ. ಬಿಸಿಲಿಗಿಟ್ಟರೆ ಅಂಟು ಹಿಡಿಯುವ ಮೊದಲೇ ಕಾಗದ ಎಳೆದುಕೊಂಡು ಬಿಟ್ಟುಬರುತ್ತದೆ. ತುಮುಕೆ ಎಂಬ ಚರ್ಮವಾದ್ಯದಿಂದಲೇ ತುಮಕೂರಿಗೆ ಹೆಸರು ಬಂತೆನ್ನುವವರಿದ್ದಾರೆ. ಹೊದಿಕೆ ಒಣಗುವ ಹೊತ್ತಿಗೆ ಮಕ್ಕಳಿಗೆ ಹೇಳಲು ಒಳ್ಳೆಯ ಮಾತು.

ತಂತಿಗೆ 0.6 ಮಿ.ಮೀ. ನೈಲಾನ್ ಗಾಳದ ದಾರ ಸಾಕು. ಕೆಳತುದಿಗೆ ಕಟ್ಟಿ, ಹೊದಿಕೆಯ ನಡುವೆ ನಿಂತು ತಂತಿಯನ್ನು ಎತ್ತಿ ಹಿಡಿಯುವ ಕುದುರೆಯ ಮೇಲೆ ಹಾಯಿಸಿ, ಕೋಲಿನ ಮೇಲ್ತುದಿಯಲ್ಲಿ ತಂತಿ ಬಿಗಿಸಲು ತಿರುಗಿಸುವ ಗೂಟಕ್ಕೆ, ಅಂದರೆ ಬಿರಡೆಗೆ, ಸುತ್ತಿ. ಬಿರಡೆ ಜಾರಿದರೆ ಸೀಮೆಸುಣ್ಣ ಉಜ್ಜಿ. ಬಿರಡೆಗೆ ತುಸು ಕೆಳಗೆ ತಂತಿಯಡಿ ಒಂದು ಕಡ್ಡಿಚೂರು ಕೂರಿಸಿ, ಇಲ್ಲದಿದ್ದರೆ ತಂತಿ ಕೋಲಿಗೆ ತಾಗಿ ಗುರಗುಟ್ಟುತ್ತದೆ. ಕುದುರೆಯೆಂದರೆ 1 ಸೆಂ.ಮೀ. ಎತ್ತರ, 3 ಸೆಂ.ಮೀ. ಅಗಲದ ಕರಟದ ಚೂರು. ಅದರಡಿ ನಾಣ್ಯದಷ್ಟು ರಟ್ಟು ಇಡದಿದ್ದರೆ ಅದು ಕಾಗದವನ್ನು ತೂತು ಮಾಡುತ್ತದೆ. ರಟ್ಟು ದೊಡ್ಡದಾದರೆ ದನಿ ಮಂಕು. ಚಿಕ್ಕ ರಟ್ಟು, ದೊಡ್ಡ ರಟ್ಟು ಎರಡನ್ನೂ ಇಟ್ಟು ಕೇಳಿಸಿ.

ಕುದುರೆಯಿಂದ ಕಡ್ಡಿಚೂರಿಗೆ 48 ಸೆಂ.ಮೀ. ಇದ್ದರೆ ಲೆಕ್ಕ ಸುಲಭ. ಒತ್ತದ ತಂತಿಯ ದನಿಯೇ ಷಡ್ಜ (ಸ) ಎಂದಿಟ್ಟುಕೊಂಡು, ಕುದುರೆಯಿಂದ ಅಳೆದು 36ಕ್ಕೆ ಮಧ್ಯಮ (ಮ), 32ಕ್ಕೆ ಪಂಚಮ (ಪ), 24ಕ್ಕೆ ಮೇಲಿನ ಷಡ್ಜ ಎಂದು ಕೋಲಿನ ಮೇಲೆ ಗುರುತು ಹಾಕಿಸಿ. ತಂತಿಯನ್ನು ಒತ್ತಿದಾಗ ಅದು ಇನ್ನಷ್ಟು ಬಿಗಿದು ಶ್ರುತಿ ಏರುತ್ತದೆ; ಬೆರಳನ್ನು ತುಸು ಬಿರಡೆಯ ಕಡೆ ಸರಿಸಿ ಕಿವಿಯಿಂದಲೇ ಕೂಡಿಸಬೇಕು.

ತೀರಾ ಚಿಕ್ಕವರಿಗೆ ಗಿಲಕಿ ಸಾಕು: ಮುಚ್ಚಳ ಅಂಟಿಸಿದ ಡಬ್ಬಿಯಲ್ಲಿ ಎರಡು ಚಮಚ ರಾಗಿ, ಇನ್ನೊಂದರಲ್ಲಿ ಹುರುಳಿ. ಅರ್ಧಕ್ಕಿಂತ ಹೆಚ್ಚು ತುಂಬಿದರೆ ಕಾಳಿಗೆ ಕುಣಿಯಲು ಜಾಗವಿರದು.

ನೈಲಾನ್ ಮೊದಲೆರಡು ದಿನ ಹಿಗ್ಗುತ್ತಲೇ ಇರುತ್ತದೆ, ಆಗಾಗ ಬಿರಡೆ ತಿರುಗಿಸಿ. ಮಳೆಗಾಲದಲ್ಲಿ ಹೊದಿಕೆ ಸಡಿಲಾದರೆ, ತಮಟೆಯವರು ಬೆಂಕಿಗೆ ಕಾಯಿಸುವಂತೆ ಎಳೆಬಿಸಿಲಿಗೆ ಹತ್ತು ನಿಮಿಷ ಹಿಡಿಯಲಿ.